ಆವರಣ

ನನ್ನ ಕೆಲಸ ಸದನದ ನಡುವೆ,
ಸಭಾಧ್ಯಕ್ಷರ ಪೀಠಕ್ಕಿಂತ ಒಂದಾಳು ತಗ್ಗಿನಲ್ಲಿ.
ಐದೈದು ನಿಮಿಷಕ್ಕೆ ಪಾಳಿ ಬದಲಿಸಿ
ಆಡಿದ್ದನ್ನೆಲ್ಲ ಶೀಘ್ರಲಿಪಿಯ ಗೀರಿಗೆ ಇಳಿಸುತ್ತೇವೆ.
ಒಬ್ಬರೆದ್ದರೆ ಮಾತು. ಇಪ್ಪತ್ತು ಮಂದಿ ಎದ್ದರೆ
ಒಂದೇ ಪದ, ಆವರಣದೊಳಗೆ:
(ಗದ್ದಲ)

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಬರೆದೆನೋ.
ಬೈಗುಳ, ಹರಿದ ಕಾಗದ, ಮೇಜಿನ ಮೇಲೆ ಬಿದ್ದ ಅಂಗೈ,
ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು
ನಿಜವಾಗಿ ಬಿಕ್ಕಿದ್ದು,
ಎಲ್ಲ ಹಿಡಿಸುತ್ತದೆ ಆ ಎರಡು ಬಾಗುಗಳ ನಡುವೆ.

ನನ್ನ ತಾತ ಗಂಗುಲಪ್ಪ ಕೈದಿಯಾಗಿ ಇಲ್ಲಿ ಕಲ್ಲು ಕಡಿದವನು.
ಜೈಲಿಗೆ ಯಾಕೆ ಹೋದ ಎನ್ನುವುದಕ್ಕೆ
ನಮ್ಮ ಮನೆಯಲ್ಲಿ ಮೂರು ಕತೆಗಳಿವೆ:
ಗಡಿಕಲ್ಲು ಸರಿಸಿದ್ದಕ್ಕೆ;
ಸರಿಸಿದವನ ತಲೆ ಒಡೆದಿದ್ದಕ್ಕೆ;
ಇನ್ನಾರದೋ ತಪ್ಪನ್ನು ತಾನು ಹೊತ್ತಿದ್ದಕ್ಕೆ.
ಎಲೆಯಡಿಕೆಯ ಹದ ನೋಡಿಕೊಂಡು
ಅಜ್ಜಿ ಮೂರನ್ನೂ ಹೇಳುತ್ತಿದ್ದಳು.

ಬೆಳಗ್ಗೆ ಲಾರಿ, ಎಣಿಕೆ, ಉಳಿ.
ಸಂಜೆ ಎಣಿಕೆ, ಲಾರಿ.
ಕಲ್ಲಿಗೂ ನರ ಇರ್ತದೆ ಕಣೇ, ಅನ್ನುತ್ತಿದ್ದನಂತೆ,
ನರ ನೋಡಿ ಹೊಡೆದರೆ ತಾನೇ ಬಾಯಿ ಬಿಡ್ತದೆ,
ಅಡ್ಡ ಹೊಡೆದ್ಯೋ, ನಿನ್ನ ಕಣ್ಣಿಗೇ ಬರ್ತದೆ.
ಸಾವಿರ ಉಳಿಯ ಸದ್ದು ಒಟ್ಟಿಗೆ ಹೇಗಿತ್ತು ಅಂದರೆ
ತಗಡಿನ ಮಾಡಿನ ಮೇಲೆ ಆಲಿಕಲ್ಲು,
ವರ್ಷಗಟ್ಟಲೆ.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕಟ್ಟಿ ಮುಗಿದ ಮೇಲೆ ಬಿಟ್ಟರು.
ಊರ ಬಸ್ಸಿಗೆ ಹೋಗುವ ಮುಂಚೆ ಎದುರಿನ ಮೆಟ್ಟಿಲು ಹತ್ತಿ
ಒಂದು ಬೀಡಿಯಷ್ಟು ಹೊತ್ತು ಕೂತಿದ್ದನಂತೆ, ಪೂರ್ವಕ್ಕೆ ಮುಖ ಮಾಡಿ.
ರಸ್ತೆಯಾಚೆ ಅದೇ ಕೆಂಪು ಕಚೇರಿ.

ಈಗಲೂ ಎದುರುಬದುರು ನಿಂತಿವೆ,
ಮಾತು ಬಿಟ್ಟ ಬೀಗರ ಹಾಗೆ:
ಇತ್ತ ಕಾನೂನು ಹೆರುವ ಮನೆ, ಬೂದುಬಿಳಿ;
ಅತ್ತ ಅದನ್ನು ತೂಗಿ ನೋಡುವ ಮನೆ, ಕೆಂಪು.
ನಡುವಿನ ವೀಧಿಯಲ್ಲಿ ಕಡಲೆಕಾಯಿಯವನು,
ಎರಡೂ ಕಡೆಯ ಅರ್ಜಿದಾರರಿಗೆ ಒಂದೇ ಅಳತೆ.
ಪೊಟ್ಟಣ ಬಿಚ್ಚಿದರೆ ಒಮ್ಮೊಮ್ಮೆ
ಹಳೆಯ ಪ್ರಶ್ನೋತ್ತರದ ಹಾಳೆ, ಎಣ್ಣೆ ಕುಡಿದದ್ದು:
ಸಚಿವರು ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದಿದ್ದಾರೆ.
ನೆಲದಡಿಯಲ್ಲಿ ಮೆಟ್ರೋ ಹಾದಾಗ
ನನ್ನ ಪೆನ್ಸಿಲ್ಲು ಒಂದೆಳೆ ನಡುಗುತ್ತದೆ.
ಅಥವಾ ನನಗೆ ಹಾಗನ್ನಿಸುತ್ತದೆ.

ಆ ಮೆಟ್ಟಿಲು ಈಗ ಪ್ರಮಾಣವಚನಕ್ಕೆ,
ಬೇಲಿಯಾಚೆಯಿಂದ ಫೋಟೋಗೆ.
ನಾನು ಕೊರಳ ಚೀಟಿ ತೋರಿಸಿ ಪಕ್ಕದ ಬಾಗಿಲಲ್ಲಿ ನುಗ್ಗುವವಳು.
ಕೆಲಸ ಸಿಕ್ಕ ವರ್ಷ ಅಜ್ಜಿಯನ್ನು ಕರೆತಂದು
ನೆತ್ತಿಯ ಮೇಲಿನ ಅಕ್ಷರ ಓದಿ ಹೇಳಿದೆ:
ಸರ್ಕಾರದ ಕೆಲಸ ದೇವರ ಕೆಲಸ.
ಸೆರಗಲ್ಲಿ ಬಾಯಿ ಒರೆಸಿ ಕೇಳಿದಳು,
"ಹಂಗಾರೆ ಕೂಲಿ ಯಾರ್ ಕೊಡ್ತಾರೆ?"

ಅವಳೇ ಹೇಳಿದ್ದು, ಒಂದು ತಾವರೆಯ ಸಂಗತಿ.
ಯಾವುದೋ ಕಂಬದ ಬೋದಿಗೆಯಲ್ಲಿ
ಎಂಟು ದಳ ಇರಬೇಕಾದಲ್ಲಿ ಏಳು.
ಉಳಿ ಜಾರಿ ಒಂದು ಹಾರಿಹೋಯಿತು. ಮೇಸ್ತ್ರಿ
ನೋಡಿಯೂ ನೋಡದವನಂತೆ ಮೇಲೆ ಏರಿಸಿಬಿಟ್ಟ.
ಊಟದ ಬಿಡುವಿನಲ್ಲಿ ಕತ್ತೆತ್ತಿ ಹುಡುಕುತ್ತೇನೆ.
ಕಾವಲಿನ ಶಿವನಂಜೇಗೌಡರು ತಾವೂ ಕತ್ತೆತ್ತಿ
"ಏನಮ್ಮಾ, ಬಿರುಕಾ?" ಅನ್ನುತ್ತಾರೆ.
ಪಾರಿವಾಳ ಬಂದು ಕೂರುತ್ತದೆ, ಎಣಿಕೆ ತಪ್ಪುತ್ತದೆ.
ಇನ್ನೂ ಸಿಕ್ಕಿಲ್ಲ.
ಸಿಕ್ಕರೆ ಯಾರಿಗೂ ಹೇಳುವುದಿಲ್ಲ,
ದುರಸ್ತಿ ಮಾಡಿಬಿಡುತ್ತಾರೆ.

ನಿನ್ನೆ ಮಧ್ಯಾಹ್ನ ಮತ್ತೆ ಎಲ್ಲರೂ ಎದ್ದರು.
ಆವರಣ ತೆರೆದೆ. ಗದ್ದಲ ಎಂದು ಬರೆದೆ.
ಬರೆಯುತ್ತಿದ್ದ ಹಾಗೆ ಆ ಕೂಗಿನ ಅಡಿಯಲ್ಲಿ,
ತುಂಬ ಅಡಿಯಲ್ಲಿ, ಕಬ್ಬಿಣ ಕಲ್ಲಿಗೆ ತಾಗುವ ಸದ್ದು,
ಒಂದು, ಇನ್ನೊಂದು,
ನರ ಹುಡುಕುತ್ತಿರುವವನ ಎಚ್ಚರದಲ್ಲಿ.
ಅಷ್ಟರಲ್ಲಿ ಪಾಳಿ ಮುಗಿದು ರುದ್ರಾಂಬೆ ಬಂದು ಕೂತಳು.

ಇವತ್ತು ನನ್ನ ಕರಡು ವಾಪಸು ಬಂದಿದೆ,
ಅಂಚಿನಲ್ಲಿ ಕೆಂಪು ಶಾಯಿ:
ಆವರಣ ಮುಚ್ಚಿಲ್ಲ.

ಪೆನ್ಸಿಲ್ಲು ಚೂಪು ಮಾಡುತ್ತ ಕೂತಿದ್ದೇನೆ.